ನಿನ್ನೆಯೇ ಕೊಟ್ಟುಬಿಟ್ಟ ಮನೆ

ಬೆಳಗಾವಿಯ ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಆಚೆಗೆ, ಇಪ್ಪತ್ತು ವರ್ಷಗಳ ಹಿಂದೆ ನಾನೂ ನನ್ನ ಸಹಪಾಠಿಯೊಬ್ಬನೂ ಬಾಡಿಗೆ ಕೋಣೆ ಹುಡುಕುತ್ತಿದ್ದೆವು. ಗೇಟಿಗೆ ಬಾಡಿಗೆಯ ಬೋರ್ಡು ತೂಗುಹಾಕಿದ್ದ ಮನೆಯ ಒಡತಿ ಕಾಕು ನಮ್ಮನ್ನು ಅಂಗಳದಲ್ಲಿ ಕೂರಿಸಿ, ನೀರು ಕೊಟ್ಟು, ಊರು ಕೇಳಿ, ಕೊನೆಗೆ "ಯಾರ ಪೈಕಿ ನೀವು?" ಎಂದರು. ಗೆಳೆಯ ತನ್ನ ಹೆಸರು ಹೇಳಿದ. ಹೆಸರಿನಿಂದಲೇ ಅವನು ಮುಸಲ್ಮಾನನೆಂದು ತಿಳಿಯುತ್ತಿತ್ತು. "ಅಯ್ಯ, ನಿನ್ನೇನ ಕೊಟ್ಟಬಿಟ್ಟೇವಲ್ಲಪ್ಪಾ, ಅಡ್ವಾನ್ಸೂ ತೊಗೊಂಡೇವಿ" ಎಂದರು ಕಾಕು. ಬೋರ್ಡು ಮುಂದಿನ ವಾರವೂ ಅಲ್ಲೇ ತೂಗುತ್ತಿತ್ತು.

ಹನ್ನೆರಡು ವರ್ಷಗಳ ಮೇಲೆ ಶಿಕಾಗೋದಲ್ಲಿ ಅದೇ ಸುಳ್ಳನ್ನು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಫೋನಿನಲ್ಲಿ ಖಾಲಿಯಿದ್ದ ಮನೆ, ನನ್ನ ಮುಖ ಕಂಡ ಮೇಲೆ ನಿನ್ನೆಯೇ ಹೋಗಿಬಿಟ್ಟಿತ್ತು. ಎರಡು ಊರುಗಳ ಸುಳ್ಳಿನಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಸುಳ್ಳು ಕೇಳಿದ ಮಾರನೆಯ ದಿನ ಎಲ್ಲಿಗೆ ಹೋಗಬಹುದು ಎಂಬುದರಲ್ಲಿ. ಬೆಳಗಾವಿಯಲ್ಲಿ ನಾವು ಚಹಾದಂಗಡಿಗೆ ಹೋಗಿದ್ದೆವು. ಶಿಕಾಗೋದಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಆ ನಗರದ ಮಾನವ ಸಂಬಂಧಗಳ ಆಯೋಗಕ್ಕೆ ಕಳುಹಿಸಿದರು.

ದೂರಿಗೆ ಶುಲ್ಕವಿರಲಿಲ್ಲ, ವಕೀಲರನ್ನು ಹಿಡಿಯಲೇಬೇಕೆಂಬ ನಿಯಮವೂ ಇರಲಿಲ್ಲ. ಎದುರು ಪಕ್ಷದವರು ಲಿಖಿತ ಉತ್ತರ ಕೊಡಬೇಕು. ಆಯೋಗದ ತನಿಖಾಧಿಕಾರಿ ಇಬ್ಬರನ್ನೂ ವಿಚಾರಿಸುತ್ತಾರೆ. ನಡುವೆ ಯಾವ ಹಂತದಲ್ಲಾದರೂ ರಾಜಿಗೆ ದಾರಿಯಿರುತ್ತದೆ. ರಾಜಿಯಾಗದೆ, ದೂರಿನಲ್ಲಿ ಹುರುಳಿದೆಯೆಂದು ಕಂಡರೆ ವಿಚಾರಣೆ ನಡೆದು, ದಂಡವನ್ನೂ ಪರಿಹಾರವನ್ನೂ ವಿಧಿಸಬಹುದು. ನನ್ನ ದೂರು ಎಂಟು ತಿಂಗಳು ತೆಗೆದುಕೊಂಡು ರಾಜಿಯಲ್ಲಿ ಮುಗಿಯಿತು. ಮಾಲೀಕರು ಕ್ಷಮೆ ಕೇಳಲಿಲ್ಲ, ನಾನೂ ಆ ಮನೆಗೆ ಹೋಗಲಿಲ್ಲ; ಆದರೆ ಮುಂದಿನ ಬಾಡಿಗೆದಾರರನ್ನು ಯಾವ ನಿಯಮದಂತೆ ಆರಿಸಬೇಕೆಂಬ ಕಾಗದಕ್ಕೆ ಅವರು ಸಹಿ ಹಾಕಿದರು. ಅಷ್ಟೇ ಆದದ್ದು, ಮತ್ತು ಅದು ಕಡಿಮೆಯೇನಲ್ಲ ಎಂಬುದು ನನ್ನ ಅನಿಸಿಕೆ.

ಈ ಆಯೋಗವನ್ನು ಶಿಕಾಗೋ ಸದ್ಬುದ್ಧಿಯಿಂದ ಕಟ್ಟಿಕೊಂಡಿತೆಂದು ಯಾರೂ ತಿಳಿಯಬೇಕಾಗಿಲ್ಲ. 1919ರ ಜುಲೈಯಲ್ಲಿ, ಸರೋವರದ ದಂಡೆಯಲ್ಲಿ ಆಫ್ರಿಕನ್ ಅಮೆರಿಕನ್ ಹುಡುಗನೊಬ್ಬ ಕಲ್ಲೇಟಿಗೆ ಸಿಕ್ಕು ಮುಳುಗಿ ಸತ್ತದ್ದರಿಂದ ಹೊತ್ತಿದ ಗಲಭೆಯಲ್ಲಿ 38 ಜನ ಸತ್ತರು. ಆಗ ನೇಮಿಸಿದ ಸಮಿತಿ 1922ರಲ್ಲಿ ದಪ್ಪ ವರದಿಯೊಂದನ್ನು ಕೊಟ್ಟು ಚದುರಿಹೋಯಿತು. 1943ರಲ್ಲಿ ಡೆಟ್ರಾಯಿಟ್ ನಗರ ಹೊತ್ತಿ ಉರಿದಾಗ, ನಾಳೆ ನಮ್ಮ ಸರದಿ ಎಂಬ ಹೆದರಿಕೆಯಿಂದ ಮೇಯರ್ ಎಡ್ವರ್ಡ್ ಕೆಲಿ ಮತ್ತೊಂದು ಸಮಿತಿ ಮಾಡಿದರು; 1947ರಲ್ಲಿ ಅದೇ ಶಾಶ್ವತ ಆಯೋಗವಾಯಿತು. ಇಂದಿನ ಅಧಿಕಾರಗಳಿಗೆ ಮುಖ್ಯ ಆಧಾರವಾದ ಮಾನವ ಹಕ್ಕುಗಳ ಸ್ಥಳೀಯ ಕಾನೂನು ಬಂದದ್ದು 1990ರಲ್ಲಿ. ಹಲ್ಲು ಮೂಡಲು ನಾಲ್ಕು ದಶಕ ಹಿಡಿಯಿತು.

ಆರಂಭದ ದಿನಗಳಲ್ಲಿ ಆಯೋಗ ಒಂದು ತಪ್ಪನ್ನೂ ಮಾಡಿತು, ಮತ್ತು ಬೆಳಗಾವಿಯವರಿಗೆ ಆ ತಪ್ಪೇ ಹೆಚ್ಚು ಉಪಯುಕ್ತ. ಎರಡನೇ ಮಹಾಯುದ್ಧ ಮುಗಿಸಿ ಬಂದ ಆಫ್ರಿಕನ್ ಅಮೆರಿಕನ್ ಸೈನಿಕರ ಕುಟುಂಬಗಳು ಬಿಳಿಯರ ಬಡಾವಣೆಗಳ ಸರ್ಕಾರಿ ವಸತಿಗೆ ಸೇರಿದಾಗ ಸಾವಿರಾರು ಜನ ಗುಂಪುಗೂಡಿ ಕಲ್ಲು ತೂರಿದರು. ಸುದ್ದಿ ಹರಡಿದರೆ ಬೆಂಕಿಯೂ ಹರಡೀತೆಂದು ಆಯೋಗವು ಆ ಘಟನೆಗಳನ್ನು ದೊಡ್ಡದು ಮಾಡಬೇಡಿರೆಂದು ಪತ್ರಿಕೆಗಳನ್ನು ಕೇಳಿಕೊಂಡಿತು, ಪತ್ರಿಕೆಗಳೂ ಬಹುಮಟ್ಟಿಗೆ ಒಪ್ಪಿದವು. ಗಲಭೆ ನಿಲ್ಲಲಿಲ್ಲ, ನಡೆದದ್ದೇನು ಎಂಬುದು ಮಾತ್ರ ನಗರದ ಉಳಿದವರಿಗೆ ತಿಳಿಯಲಿಲ್ಲ. ಕಪ್ಪು ಜನರ ಓಣಿ, ಬಿಳಿಯರ ಓಣಿ ಎಂಬ ಗೆರೆಗಳು ಶಿಕಾಗೋದಲ್ಲಿ ಇವತ್ತಿಗೂ ಅಳಿಸಿಲ್ಲ.

ಈಗ ನಮ್ಮೂರಿಗೆ ಬರುತ್ತೇನೆ. ನಮ್ಮಲ್ಲಿ ಏನೂ ಇಲ್ಲವೆಂದರೆ ಅನ್ಯಾಯದ ಮಾತಾದೀತು. ಗಣೇಶ ಚೌತಿಗೂ ಈದ್ ಮಿಲಾದಿಗೂ ಮೊದಲು ಪೊಲೀಸರು ಶಾಂತಿ ಸಮಿತಿಯ ಸಭೆ ಕರೆಯುತ್ತಾರೆ. 2023ರ ಸೆಪ್ಟೆಂಬರ್ 28ರಂದು ವಿಸರ್ಜನೆಯೂ ಮಿಲಾದೂ ಒಂದೇ ದಿನ ಬಂದಾಗ ಬೆಳಗಾವಿಯ ಮುಸ್ಲಿಂ ಹಿರಿಯರು ತಮ್ಮ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಅಂಥ ದೊಡ್ಡ ಮನಸ್ಸು ಯಾವ ಕಾನೂನಿನಿಂದಲೂ ಬರುವಂಥದ್ದಲ್ಲ. ಆದರೆ ಶಾಂತಿ ಸಮಿತಿಯ ಲೆಕ್ಕ ಹಬ್ಬದಿಂದ ಹಬ್ಬಕ್ಕೆ. ಚಹಾ ಬಿಸ್ಕತ್ತು ಮುಗಿಸಿ ಎದ್ದವರು ಮುಂದಿನ ವರ್ಷವೇ ಸೇರುತ್ತಾರೆ, ಮತ್ತು ಅಲ್ಲಿ ಕೇಳುವ ಪ್ರಶ್ನೆ ಮೆರವಣಿಗೆಯ ದಾರಿ ಯಾವುದು, ಡಾಲ್ಬಿ ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ ಎಂಬುದು. ಮನೆ ಸಿಗದವನ ಮಾತಿಗೆ ಅಲ್ಲಿ ಸಮಯವಿಲ್ಲ.

ದಲಿತರ ಮೇಲಿನ ದೌರ್ಜನ್ಯಕ್ಕೆ 1989ರ ಕಾಯ್ದೆಯಿದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿಯಿದೆ, ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬ ನಿಯಮವೂ ಇದೆ. ಅದು ಕ್ರಿಮಿನಲ್ ಮೊಕದ್ದಮೆಯ ದಾರಿ; ಎಫ್‌ಐಆರ್, ಸಾಕ್ಷಿ, ಕೋರ್ಟು. ಅದು ಇರಲೇಬೇಕು, ಅದನ್ನು ರಾಜಿಯ ಕಡೆಗೆ ಸಡಿಲಿಸಬಾರದು. ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದ 350ಬಿ ವಿಧಿಯಡಿ ಒಬ್ಬ ಆಯುಕ್ತರಿದ್ದಾರೆ, ಅವರ ಪ್ರಾದೇಶಿಕ ಕಚೇರಿಯೊಂದು ಬೆಳಗಾವಿಯಲ್ಲಿಯೇ ಇತ್ತು ಎಂಬುದು ನಮ್ಮೂರಿನ ಎಷ್ಟೋ ಜನರಿಗೆ ಗೊತ್ತಿಲ್ಲ. ಆಯುಕ್ತರ ಕಚೇರಿ ಸರ್ಕಾರಗಳಿಗೆ ಶಿಫಾರಸು ಮಾಡಬಲ್ಲದು, ಮನೆಯ ಮಾಲೀಕನನ್ನೋ ಅಂಗಡಿಯವನನ್ನೋ ಕರೆದು ಕೂರಿಸಲಾರದು. ಖಾಸಗಿ ಮನೆಯವರು ಧರ್ಮವನ್ನೋ ಭಾಷೆಯನ್ನೋ ನೋಡಿ ಬಾಡಿಗೆ ನಿರಾಕರಿಸಿದರೆ ಪ್ರಶ್ನಿಸಲು ಬೇಕಾದ ಸಮಗ್ರ ಕಾನೂನು ದೇಶದಲ್ಲಿಯೇ ಇಲ್ಲ. ಸಮಾನ ಅವಕಾಶ ಆಯೋಗ ಬೇಕೆಂದು 2006ರಲ್ಲಿ, ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ ಹೇಳಿದ್ದು ಕಾಗದದಲ್ಲಿಯೇ ಉಳಿಯಿತು.

2025ರ ಫೆಬ್ರುವರಿಯಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಟಿಕೆಟ್ ಕೊಡುವಾಗಿನ ಭಾಷೆಯ ಮಾತಿಗೆ ಬಸ್ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾಗಿ, ಎರಡು ರಾಜ್ಯಗಳ ನಡುವಿನ ಬಸ್ಸುಗಳೇ ನಿಂತುಹೋದವು. ಗಡಿಯಾಚೆಗೂ ಈಚೆಗೂ ಹೇಳಿಕೆ ಕೊಟ್ಟವರಿಗೆ ಲೆಕ್ಕವಿಲ್ಲ. ಹಲ್ಲೆಗೆ ಪೊಲೀಸರಿದ್ದಾರೆ, ಸರಿ. ಆದರೆ ಆ ದಾರಿಯ ಹಳ್ಳಿಗಳವರನ್ನೂ ಸಾರಿಗೆ ನೌಕರರನ್ನೂ ಒಂದೆಡೆ ಕೂರಿಸಿ ಕೇಳುವುದು ತನ್ನ ಕೆಲಸವೆಂದು ಹೇಳಬಲ್ಲ ಒಂದೇ ಒಂದು ಕಚೇರಿ ಜಿಲ್ಲೆಯಲ್ಲಿ ಇರಲಿಲ್ಲ. ಶಿಕಾಗೋ ಆಯೋಗದಲ್ಲಿ ಇದಕ್ಕೇ ಬೇರೆ ವಿಭಾಗವಿದೆ; ಓಣಿಗಳಲ್ಲಿ ಬಿಗುವು ಕಂಡಲ್ಲಿಗೆ ಅದರ ಸಿಬ್ಬಂದಿ ಹೋಗಿ ಮಧ್ಯಸ್ಥಿಕೆ ಮಾಡುತ್ತಾರೆ.

ಬೆಳಗಾವಿಗೆ ಒಂದು ನಗರ ಆಯೋಗ ಬೇಕೆಂದರೆ ನನ್ನ ಕನ್ನಡ ಗೆಳೆಯರ ಮೊದಲ ಅನುಮಾನ ನನಗೆ ಗೊತ್ತಿದೆ: ಇದು ಗಡಿ ತಂಟೆಯವರ ಕೈಗೆ ಇನ್ನೊಂದು ವೇದಿಕೆ ಕೊಟ್ಟಂತಾಗದೆ? 1967ರ ಮಹಾಜನ ವರದಿ ಬೆಳಗಾವಿ ನಮ್ಮದೆಂದು ಹೇಳಿಯಾಗಿದೆ, 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಆಯೋಗದ ಎದುರು ಗಡಿಯ ಮಾತು ಎತ್ತಲೇಬಾರದೆಂದು ನಿಯಮದಲ್ಲಿಯೇ ಬರೆಯಬಹುದು. ಆದರೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳ ಕನ್ನಡ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ನಾವು ಯಾವ ಬಾಯಿಂದ ಕೇಳುತ್ತೇವೆಯೋ, ಅದೇ ಬಾಯಿಂದ ಖಡೇಬಜಾರಿನ ಮರಾಠಿ ಮುದುಕಿಯ ಅರ್ಜಿಯನ್ನು ಅವಳ ಭಾಷೆಯಲ್ಲಿ ತೆಗೆದುಕೊಳ್ಳಿರೆಂದೂ ಹೇಳಬೇಕಾಗುತ್ತದೆ. ಪರದೇಶದಲ್ಲಿ ಅಲ್ಪಸಂಖ್ಯಾತನಾಗಿ ಬದುಕುವ ನನಗೆ ಇದು ಉದಾರತೆಯಾಗಿ ತೋರುವುದಿಲ್ಲ, ಲೆಕ್ಕಾಚಾರವಾಗಿಯೇ ತೋರುತ್ತದೆ.

ಅಮೆರಿಕದ ಹಲವು ನಗರಗಳಂತೆ ನಮ್ಮ ಪಾಲಿಕೆಗಳು ಇಂಥ ಕಾನೂನನ್ನು ತಾವೇ ಮಾಡಿಕೊಳ್ಳಲಾರವು. ನೋಟಿಸು ಕೊಟ್ಟು ಕರೆಸುವ, ದಂಡ ಹಾಕುವ ಅಧಿಕಾರಕ್ಕೆ ವಿಧಾನಮಂಡಲದ ಕಾಯ್ದೆ ಬೇಕು. ಚಳಿಗಾಲದ ಅಧಿವೇಶನಕ್ಕೆ ಬಹುತೇಕ ಪ್ರತಿ ವರ್ಷ ಸುವರ್ಣ ವಿಧಾನಸೌಧಕ್ಕೆ ಬರುವವರು ಅದನ್ನು ಅಲ್ಲಿಯೇ ಮಂಡಿಸಬಹುದು. ಅಲ್ಲಿಯತನಕ 58 ವಾರ್ಡುಗಳ ಪಾಲಿಕೆ ಠರಾವು ಮಾಡಿ, ದೂರು ಬರೆದುಕೊಂಡು ಇಬ್ಬರನ್ನೂ ಮಾತಿಗೆ ಕರೆಯುವ ಸಣ್ಣ ಸಮಿತಿಯನ್ನಾದರೂ ಕೂರಿಸಬಹುದು. ಅದರಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು, ವಡಗಾವಿಯ ನೇಕಾರರೊಬ್ಬರು, ಶಾಲಾ ಶಿಕ್ಷಕಿಯೊಬ್ಬರು ಇರಲಿ. ಹಾಲಿ ನಗರಸೇವಕರು ಬೇಡ. ಕಚೇರಿ ಪೊಲೀಸ್ ಠಾಣೆಯಲ್ಲಿರದೆ ಬಸ್ ನಿಲ್ದಾಣದ ಸಮೀಪ ಇರಲಿ. ದೂರು ಎಷ್ಟು ಬಂದವು, ಏನಾದವು ಎಂಬ ಲೆಕ್ಕವನ್ನು, ಹೆಸರುಗಳನ್ನು ಬಿಟ್ಟು, ವರ್ಷಕ್ಕೊಮ್ಮೆ ಅಚ್ಚು ಹಾಕಲೇಬೇಕು; ಶಿಕಾಗೋ ಮೊದಲಿಗೆ ಮಾಡಿದ ಹಾಗೆ ಬಾಯಿ ಮುಚ್ಚಿಸುವ ಕೆಲಸ ನಮಗೆ ಬೇಡ, ವಾಟ್ಸಾಪಿನ ಕಾಲದಲ್ಲಿ ಅದು ಸಾಧ್ಯವೂ ಇಲ್ಲ. ಠರಾವನ್ನು ಪಾಲಿಕೆಯಲ್ಲಿ ಕನ್ನಡದಲ್ಲಷ್ಟೇ ಓದಬೇಕೋ ಮರಾಠಿ, ಉರ್ದುವಿನಲ್ಲಿಯೂ ಓದಬೇಕೋ ಎಂದು ಮೊದಲ ದಿನವೇ ಜಗಳ ಹತ್ತಬಹುದು. ಹತ್ತಿದರೆ ಅದನ್ನೇ ಒಂದನೇ ನಂಬರಿನ ದೂರೆಂದು ಪುಸ್ತಕದಲ್ಲಿ ಬರೆದುಕೊಳ್ಳಲಿ.