ಛಾಪಾ ಕಾಗದದ ನಮೂನೆ ಕೇಳಿದವರಿಗೆ

ಕಳೆದ ವಾರ ಪೀಣ್ಯದಲ್ಲಿ ನಮ್ಮ ಹಿಂದಿನ ರಸ್ತೆಯ ಶೆಡ್ಡಿನ ಮಾಲೀಕರೊಬ್ಬರು ಫೋನ್ ಮಾಡಿದ್ದರು. ಅವರ ಹುಡುಗನೊಬ್ಬನಿಗೆ ಕೆಲಸದಲ್ಲಿ ಬೆರಳು ಹೋಗಿದೆ. "ನೀವು ಆಗ ಒಂದು ಒಪ್ಪಂದ ಬರೆಸಿಕೊಂಡಿದ್ದಿರಲ್ಲ ಸಾರ್, ಅದರ ನಮೂನೆ ಇದ್ದರೆ ವಾಟ್ಸ್‌ಆ್ಯಪ್ ಮಾಡಿ" ಎಂದರು. ಪೆಟ್ಟಾದವನಿಗೆ ಹಣ ಕೊಟ್ಟು, ಮುಂದೆ ತಕರಾರಿಲ್ಲ ಎಂದು ಬರೆಸಿಕೊಂಡ ಒಪ್ಪಂದ ಅದು. ನಮೂನೆ ಇದೆ. ಛಾಪಾ ಕಾಗದ, ನೋಟರಿಯ ಮೊಹರು, ಇಬ್ಬರು ಸಾಕ್ಷಿಗಳು, ಎಲ್ಲವೂ ಇವೆ. ಆ ಒಂದು ಹಾಳೆ ನನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಅವರಿಗೆ ಫೋನಿನಲ್ಲಿ ಹೇಳಿದೆ. ನಮ್ಮಂಥ ಶೆಡ್ಡುಗಳು ಸಾವಿರಾರು ಇವೆ, ಆದ್ದರಿಂದ ಇಲ್ಲಿಯೂ ಬರೆಯುತ್ತಿದ್ದೇನೆ.

ನನ್ನದು ಶೀಟ್ ಮೆಟಲ್ ಕೆಲಸ. ಎರಡು ಪವರ್ ಪ್ರೆಸ್, ಒಂಬತ್ತು ಜನ. ಒಂಬತ್ತು ಎಂಬುದು ಆಕಸ್ಮಿಕವಲ್ಲ. ಹತ್ತು ಜನ ಆದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಬರುತ್ತದೆ, ಹತ್ತು ಆಗದ ಹಾಗೆ ನೋಡಿಕೋ ಎಂದು ಈ ಉದ್ಯಮಕ್ಕೆ ಇಳಿದ ದಿನವೇ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ಹತ್ತನೆಯವನು ಬೇಕಾದಾಗ ಕಂಟ್ರಾಕ್ಟರ್ ಹೆಸರಿನಲ್ಲಿ ಬರುತ್ತಿದ್ದ. (ಹಾಗೆ ಬಂದವನೂ ಲೆಕ್ಕಕ್ಕೆ ಸೇರುತ್ತಾನೆ, ಅವನಿಗೆ ಪೆಟ್ಟಾದರೆ ಮೊದಲು ಕೊಡಬೇಕಾದವರು ನಾವೇ, ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳುವುದು ಆಮೇಲಿನ ಮಾತು ಎಂಬುದು ಆಗ ನನಗೆ ಗೊತ್ತಿರಲಿಲ್ಲ.)

2021ರ ಮಾರ್ಚ್‌ನಲ್ಲಿ ಸಿರಾ ಕಡೆಯ ಮೂವತ್ತು ವರ್ಷದ ಹುಡುಗನ ಬಲಗೈ ತೋರುಬೆರಳು ಮತ್ತು ನಡುಬೆರಳು ಪ್ರೆಸ್ಸಿನಡಿ ಸಿಕ್ಕಿಹೋದವು. ಆ ಪ್ರೆಸ್ಸಿಗೆ ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಎರಡು ಗುಂಡಿಗಳಿದ್ದವು. ಒಂದು ಗುಂಡಿಯನ್ನು ರಬ್ಬರ್ ಪಟ್ಟಿಯಿಂದ ಬಿಗಿದಿಟ್ಟಿದ್ದರು. ಹಾಗೆ ಮಾಡಿದರೆ ಒಂದು ಕೈ ಶೀಟು ತಳ್ಳುವುದಕ್ಕೆ ಬಿಡುವಾಗುತ್ತದೆ. ಆಯುಧಪೂಜೆಯ ದಿನ ಅದೇ ಗುಂಡಿಗೆ ನಾನೇ ಅರಿಸಿನ ಕುಂಕುಮ ಹಚ್ಚಿದ್ದೆ. ಪಟ್ಟಿ ಕಾಣಲಿಲ್ಲವೆಂದು ಹೇಗೆ ಹೇಳಲಿ?

ಆಸ್ಪತ್ರೆಯ 48,000 ರೂಪಾಯಿ ಬಿಲ್ಲು ನಾನೇ ಕಟ್ಟಿದೆ. ಮೇಲೆ 70,000 ರೂಪಾಯಿ ಕೈಗೆ ಕೊಟ್ಟೆ. 'ಪೂರ್ಣ ಪರಿಹಾರ ಸಂದಿದೆ, ಮುಂದೆ ಯಾವ ತಕರಾರೂ ಇಲ್ಲ' ಎಂದು ಬರೆಸಿದೆ. ಅವನು ಎಡಗೈಯಲ್ಲಿ ಸಹಿ ಹಾಕಿದ. ಅವನ ಹೆಂಡತಿ "ದೊಡ್ಡ ಉಪಕಾರವಾಯಿತು ಸಾರ್" ಎಂದಳು. ಆ ಮಾತಿಗೆ ನಾನು ಹಿಗ್ಗಿದೆ ಎಂಬುದನ್ನು ಈಗ ನೆನೆಸಿಕೊಂಡರೆ ಮೈ ಕುಗ್ಗುತ್ತದೆ.

ಎಂಟು ತಿಂಗಳ ಮೇಲೆ ನೋಟಿಸ್ ಬಂತು. ಅವನ ಸೋದರಮಾವ ಯಾರೋ ವಕೀಲರ ಬಳಿ ಕರೆದುಕೊಂಡು ಹೋಗಿದ್ದರಂತೆ. ನಾನು ಸಿಟ್ಟಿನಲ್ಲಿ ಕಾಗದವನ್ನು ನನ್ನ ವಕೀಲರ ಮೇಜಿನ ಮೇಲೆ ಹಾಕಿದೆ. ಅವರು ಓದಿ, ಮಡಚಿ, ವಾಪಸ್ ಕೊಟ್ಟರು. ಇಂಥ ಒಪ್ಪಂದವನ್ನು ಕಮಿಷನರ ಬಳಿ ನೋಂದಾಯಿಸಬೇಕು ಎಂದರು. ಕಮಿಷನರ್ ಎಂದರೆ ಪೊಲೀಸರಲ್ಲ, ಪರಿಹಾರದ ಅರ್ಜಿ ವಿಚಾರಿಸುವ ಅಧಿಕಾರಿ. ನಮ್ಮ ಪ್ರಕರಣದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು. ನೋಂದಾಯಿಸದಿದ್ದರೆ ಪೂರ್ತಿ ಪರಿಹಾರವನ್ನು ಮತ್ತೆ ಕೊಡಬೇಕು, ಅವರು ಬೇರೆ ಆದೇಶ ಮಾಡದ ಹೊರತು ಮೊದಲು ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯುವಂತಿಲ್ಲ. ಅಂದರೆ ನನ್ನ 70,000 ಕಾನೂನಿನ ಕಣ್ಣಿನಲ್ಲಿ 35,000. ಆಸ್ಪತ್ರೆಗೆ ಕಟ್ಟಿದ್ದು ಪರಿಹಾರದ ಲೆಕ್ಕಕ್ಕೇ ಬರುವುದಿಲ್ಲ. ಕೆಲಸಗಾರ ಸತ್ತ ಪ್ರಕರಣವಾಗಿದ್ದರೆ ಇನ್ನೂ ಬಿಗಿ. ಮನೆಯವರ ಕೈಗೆ ಕೊಟ್ಟದ್ದು ಪರಿಹಾರ ಅನ್ನಿಸಿಕೊಳ್ಳುವುದೇ ಇಲ್ಲ, ಕಮಿಷನರ ಬಳಿ ಠೇವಣಿ ಇಡಬೇಕು.

ಲೆಕ್ಕ ಹೀಗೆ. ತಿಂಗಳ ಸಂಬಳ 16,000 ಇದ್ದರೂ ಆಗ ಲೆಕ್ಕಕ್ಕೆ ಹಿಡಿಯುವ ಮಿತಿ 15,000. ಪೂರ್ತಿ ದುಡಿಮೆಯೇ ಶಾಶ್ವತವಾಗಿ ಹೋದರೆ ಅದರ ಶೇಕಡಾ 60, ಅಂದರೆ 9,000. ಮೂವತ್ತು ವರ್ಷಕ್ಕೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ 207.98. ಗುಣಿಸಿದರೆ 18,71,820 ರೂಪಾಯಿ. ಒಂದು ಕೈಯ ಎರಡು ಬೆರಳಿಗೆ ಅದರಲ್ಲಿ ಶೇಕಡಾ 20, ಅಂದರೆ 3,74,364. ಯಾರೂ ಚೌಕಾಸಿ ಮಾಡುವ ಹಾಗಿಲ್ಲ, ಬೆರಳಿಗೂ ಬೆಲೆಪಟ್ಟಿ ಇದೆ. ಬರೀ ತೋರುಬೆರಳಿಗೆ ಶೇಕಡಾ 14, ಹೆಬ್ಬೆರಳಿಗೆ 30. ಆದರೆ ಪಟ್ಟಿಯಲ್ಲಿ ಇರುವುದು ಕನಿಷ್ಠ ಅಷ್ಟೇ. 1975ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಪ್ರಕರಣದಲ್ಲಿ ಒಬ್ಬ ಬಡಗಿಯ ಎಡಗೈ ಮೊಣಕೈಯ ಮೇಲಿನಿಂದ ಹೋಗಿತ್ತು. ಒಂದೇ ಕೈಯಲ್ಲಿ ಬಡಗಿಯ ಕೆಲಸ ಆಗದು, ಆದ್ದರಿಂದ ಅವನ ದುಡಿಮೆ ಪೂರ್ತಿ ಹೋದಂತೆ ಎಂದು ಕೋರ್ಟು ಎತ್ತಿಹಿಡಿಯಿತು. ಪರಿಹಾರದ ಬಾಕಿ ಹುಟ್ಟುವುದು ಆದೇಶದ ದಿನವಲ್ಲ, ಅಪಘಾತದ ದಿನವೇ ಎಂದದ್ದೂ ಅದೇ ತೀರ್ಪು. ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12 ಬಡ್ಡಿ, ಸಕಾರಣ ಇಲ್ಲದಿದ್ದರೆ ಶೇಕಡಾ 50ರವರೆಗೆ ದಂಡ.

ಈಗ ನಾನು ಹೇಳಲು ನಾಚುವ ಭಾಗ. ಸುರಕ್ಷಾ ಸಾಧನವನ್ನು ಕೆಲಸಗಾರ ಬೇಕೆಂದೇ ತೆಗೆದಿದ್ದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗಿರದಿದ್ದರೆ, ಮಾಲೀಕ ಹೊಣೆಯಲ್ಲ ಎಂಬ ಒಂದು ಕಿಟಕಿ ಕಾನೂನಿನಲ್ಲಿದೆ. ರಬ್ಬರ್ ಪಟ್ಟಿ ಕಟ್ಟಿದ್ದು ಅವನೇ ಎಂದು ನಮ್ಮ ಉತ್ತರದಲ್ಲಿ ಬರೆಸಿದೆವು. ಪಾಟೀಸವಾಲಿನಲ್ಲಿ ಅವನ ವಕೀಲರು ಕೂಗಾಡಲಿಲ್ಲ. ಉತ್ಪಾದನೆಯ ರಿಜಿಸ್ಟರ್ ತೋರಿಸಿ, ಎರಡೂ ಗುಂಡಿ ಒತ್ತಿ ಕೆಲಸ ಮಾಡಿದರೆ ಒಂದು ಶಿಫ್ಟಿಗೆ ಎಷ್ಟು ಪೀಸ್ ಬರುತ್ತದೆ ಎಂದು ಕೇಳಿದರು. ಸುಮಾರು ಆರು ಸಾವಿರ ಎಂದೆ. ರಿಜಿಸ್ಟರಿನಲ್ಲಿ ಆರು ತಿಂಗಳಿಂದ ಒಂಬತ್ತು ಸಾವಿರ ಇತ್ತು, ಪ್ರತಿ ಪುಟದ ಕೆಳಗೂ ನನ್ನ ಸಹಿ ಇತ್ತು. ಅವರು ಕೂತರು.

2023ರಲ್ಲಿ ಆದೇಶವಾಯಿತು. ಎರಡು ವರ್ಷದ ಬಡ್ಡಿ 89,847. ದಂಡ ಶೇಕಡಾ 25, ಅಂದರೆ 93,591. ಮೇಲ್ಮನವಿಗೆ ಹೋಗಬೇಕಾದರೆ ಮೊದಲು ಆ ಹಣ ಠೇವಣಿ ಇಡಬೇಕು, ಹೋಗಲಿಲ್ಲ. 35,000 ಕಳೆದು 5,22,802 ರೂಪಾಯಿ ಕಟ್ಟಿದೆ. ವಿಮೆ ಇರಲಿಲ್ಲ. ಆ ಪ್ರೀಮಿಯಂ ಕೇಳಿ 'ಈ ವರ್ಷ ಬೇಡ' ಎಂದು ನಾಲ್ಕು ವರ್ಷ ಹೇಳಿದ್ದೆ. ಇದ್ದಿದ್ದರೂ ದಂಡದ ಮೊತ್ತ ನನ್ನ ತಲೆಯ ಮೇಲೇ ಬರುತ್ತಿತ್ತು, ಅದು ಮಾಲೀಕನ ತಪ್ಪಿಗೆ ಹಾಕುವುದು.

ಇನ್ನು ಆ 'ಹತ್ತು ಆಗಬಾರದು' ಎಂಬ ಜಾಣತನ. ಇಎಸ್‌ಐಗೆ ಮಾಲೀಕನ ಪಾಲು ಸಂಬಳದ ಶೇಕಡಾ 3.25. ಒಂಬತ್ತು ಜನಕ್ಕೆ ತಲಾ 16,000 ಎಂದರೂ ತಿಂಗಳಿಗೆ 4,680 ರೂಪಾಯಿ. ಇಎಸ್‌ಐ ಇರುವ ಕೆಲಸಗಾರನಿಗೆ ಪೆಟ್ಟಾದರೆ ಚಿಕಿತ್ಸೆಯೂ ಮಾಸಿಕ ಹಣವೂ ಇಎಸ್‌ಐ ನಿಗಮದಿಂದಲೇ ಸಲ್ಲುತ್ತದೆ, ಮಾಲೀಕನ ಮೇಲೆ ಈ ಪರಿಹಾರದ ಅರ್ಜಿಯೇ ನಿಲ್ಲುವುದಿಲ್ಲ. ಕಾನೂನೆಲ್ಲ ಕಾರ್ಮಿಕರ ಪರ ಎಂದು ಸಂಘದ ಸಭೆಯಲ್ಲಿ ಚಹಾ ಕುಡಿಯುತ್ತಾ ಗೊಣಗುವವರಲ್ಲಿ ನಾನೂ ಒಬ್ಬನಾಗಿದ್ದೆ. ನನ್ನನ್ನು ಕಾಯುತ್ತಿದ್ದ ಕಾನೂನಿನಿಂದ ಒಂಬತ್ತೇ ಜನರನ್ನಿಟ್ಟುಕೊಂಡು ತಪ್ಪಿಸಿಕೊಂಡು ಓಡುತ್ತಿದ್ದವನು ನಾನೇ.

ನನ್ನ ಪ್ರಕರಣ ನಡೆದದ್ದು 1923ರ ನೌಕರರ ಪರಿಹಾರ ಕಾಯ್ದೆಯಡಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ತಿರುಳು ಹೆಚ್ಚು ಬದಲಾಗಿಲ್ಲ. ಕೆಲಸದೊಂದಿಗೆ ಸಂಬಂಧ ಇದ್ದರೆ ಮನೆಯಿಂದ ಕೆಲಸಕ್ಕೆ ಬರುವ, ಹೋಗುವ ದಾರಿಯ ಅಪಘಾತವೂ ಈಗ ಸ್ಪಷ್ಟವಾಗಿ ಇದರೊಳಗೆ ಸೇರಿದೆ. ಹತ್ತಕ್ಕಿಂತ ಕಡಿಮೆ ಜನ ಇದ್ದರೂ, ಮಾಲೀಕನೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ, ಇಎಸ್‌ಐಗೆ ಸೇರಿಕೊಳ್ಳಬಹುದು.

ಫೋನ್ ಮಾಡಿದ ಮಾಲೀಕರಿಗೆ ನಮೂನೆ ಕಳಿಸಲಿಲ್ಲ. ಅಪಘಾತ ಆದದ್ದು ಯಾವತ್ತು ಎಂದು ಕೇಳಿದೆ. ಹತ್ತೊಂಬತ್ತು ದಿನವಾಗಿದೆಯಂತೆ. ಪೂರ್ತಿ ಮೊತ್ತದ ಬಗ್ಗೆ ತಕರಾರಿದ್ದರೆ ನೀವು ಒಪ್ಪುವಷ್ಟನ್ನಾದರೂ ಕಮಿಷನರ ಬಳಿ ಕಟ್ಟಿ, ಉಳಿದದ್ದು ಅಲ್ಲಿ ತೀರ್ಮಾನವಾಗಲಿ, ತಿಂಗಳು ತುಂಬಲು ಇನ್ನೂ ಹತ್ತು ಹನ್ನೊಂದು ದಿನ ಇದೆ ಎಂದೆ. "ಅಲ್ಲ ಸಾರ್, ಹುಡುಗ ಒಳ್ಳೆಯವನು, ಕೇಸು ಗೀಸು ಹಾಕುವವನಲ್ಲ" ಎಂದರು. ನನ್ನವನೂ ಒಳ್ಳೆಯವನೇ ಆಗಿದ್ದ ಎಂದು ಹೇಳಿ ಫೋನ್ ಇಟ್ಟೆ.