ಮಳೆ ಬಂತು, ಡೀಸೆಲ್ ತನ್ನಿ

ಲಿಂಗನಮಕ್ಕಿಗೆ ಒಳಹರಿವು ಜಾಸ್ತಿಯಾಗಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಎಷ್ಟು ಕ್ಯೂಸೆಕ್ ಅಂತ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ಅದು ಸೋಮವಾರ. ಇವತ್ತು ಶುಕ್ರವಾರ. ಎಷ್ಟು ಕ್ಯೂಸೆಕ್ ಅಂತ ನಮಗಿನ್ನೂ ಗೊತ್ತಾಗಿಲ್ಲ.

ನಾವು ಸಾಗರದ ಕಡೆಯವರು. ಕರೆಂಟಿನ ತವರುಮನೆಯವರು. ಜೋಗದ ಬುಡದಲ್ಲಿ 1948ರಿಂದಲೇ ಕರೆಂಟ್ ಮಾಡುತ್ತಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮೂ ಎದ್ದಿತು. ಶರಾವತಿ ಪವರ್‌ಹೌಸ್ ಒಂದರದ್ದೇ 1,035 ಮೆಗಾವ್ಯಾಟ್. ಅದಕ್ಕೆ ಕಲ್ಲಿದ್ದಲು ಬೇಡ, ಎಣ್ಣೆ ಬೇಡ, ಮಳೆ ಬಂದರೆ ಸಾಕು. ಆದರೆ ಮಳೆ ಒಂದೇ ಬರುವುದಿಲ್ಲ, ಗಾಳಿಯನ್ನೂ ಕರಕೊಂಡು ಬರುತ್ತದೆ. ಗಾಳಿಗೆ ಅಕೇಶಿಯಾ ಮರ ಲೈನಿನ ಮೇಲೆ ಮಲಗುತ್ತದೆ. ಅಲ್ಲಿ ಡ್ಯಾಮು ತುಂಬುತ್ತದೆ, ಇಲ್ಲಿ ಮನೆ ಕತ್ತಲಾಗುತ್ತದೆ. ತವರುಮನೆ ಅಂದಮೇಲೆ ಹಾಗೇ ತಾನೇ? ಮಗಳನ್ನು ಬಯಲುಸೀಮೆಗೆ ಕೊಟ್ಟಾಗಿದೆ. ಹಬ್ಬಕ್ಕೊಮ್ಮೆ ಬಂದು ಹೋಗುತ್ತಾಳೆ.

ಮಂಗಳವಾರ ಕರೆಂಟ್ ಆಫೀಸಿಗೆ ಫೋನ್ ಮಾಡೋಣ ಅಂತ ಗುಡ್ಡ ಹತ್ತಿದೆ. ನೆಟ್‌ವರ್ಕ್ ಇಲ್ಲ. ಟವರಿಗೆ ಕರೆಂಟ್ ಇಲ್ಲ, ಟವರಿನ ಜನರೇಟರಿಗೆ ಡೀಸೆಲ್ ಇಲ್ಲ. ಮನೆಗೆ ನೂರು ರೂಪಾಯಿಯಂತೆ ಒಟ್ಟುಮಾಡಿ, ಕ್ಯಾನು ಹಿಡಿದು, ಜೀಪು ಹತ್ತಿದೆವು. ಬಂಕು 18 ಕಿಲೋಮೀಟರ್ ದೂರ. ಹೋದರೆ ಅಲ್ಲೂ ಕರೆಂಟಿಲ್ಲ! ನೆಲದಡಿಯ ಟ್ಯಾಂಕಿನಿಂದ ಡೀಸೆಲ್ ಎತ್ತುವುದಕ್ಕೆ ಅವರೂ ಜನರೇಟರ್ ಹಚ್ಚಿದ್ದರು. ಅಂತೂ ಡೀಸೆಲ್ ಸುಟ್ಟು ಡೀಸೆಲ್ ಎತ್ತಿಸಿ, ಡೀಸೆಲ್ ಜೀಪಿನಲ್ಲಿ ಡೀಸೆಲ್ ತಂದು, ಟವರಿಗೆ ಹೊಯ್ದು, ಕರೆಂಟ್ ಆಫೀಸಿಗೆ ಫೋನ್ ಮಾಡಿ ಕರೆಂಟಿಲ್ಲ ಅಂದೆವು.

“ಹೌದಾ? ನಿಮ್ಮ ಕಡೆಯಿಂದ ಕಂಪ್ಲೇಂಟೇ ಬಂದಿಲ್ವಲ್ಲ ಮಾರಾಯ್ರೆ” ಅಂದರು.

ಬುಧವಾರ ಬಿಲ್ ಕೊಡುವ ಹುಡುಗ ಬಂದ. ಅವನು ಮಾತ್ರ ಎಂಥಾ ಮಳೆಯಲ್ಲೂ ತಪ್ಪಿಸುವುದಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಮೀಟರ್ ನೋಡಿದ. 200 ಯೂನಿಟ್ ಒಳಗಿದೆ, ಫ್ರೀ. ಬಿಲ್ ಸೊನ್ನೆ. ಅಪ್ಪಯ್ಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಕರೆಂಟೂ ಸೊನ್ನೆ, ಬಿಲ್ಲೂ ಸೊನ್ನೆ. ಲೆಕ್ಕ ಸರಿ ಇದೆ ತಮ್ಮ” ಅಂದರು.

ಅಪ್ಪಯ್ಯ ಮುಳುಗಡೆಯವರು. ಅವರ ಮನೆ, ಗದ್ದೆ, ಬಾವಿಕಟ್ಟೆ ಎಲ್ಲಾ ಈಗ ಹಿನ್ನೀರಿನ ಅಡಿಯಲ್ಲಿದೆ. ನಾಡಿಗೆ ಬೆಳಕು ಬರುತ್ತದೆ, ಬಿಟ್ಟು ಏಳಿ ಅಂದರಂತೆ. ಎದ್ದರು. ನಾಡಿಗೆ ಬಂತು. ಮುಳುಗಡೆಯ ಎಷ್ಟೋ ಮನೆಯವರು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ದ್ವೀಪದಂತಾದ ಆಚೆ ದಡದವರಿಗೆ ಸಿಕ್ಕಿದ್ದು ಲಾಂಚು. ಸಿಗಂದೂರಿಗೆ ಹೋದವರಿಗೆಲ್ಲ ಗೊತ್ತು. ಹೊಗೆಯಿಲ್ಲದೆ ಕರೆಂಟ್ ಕೊಡುವ ನೀರಿನ ಮೇಲೆ ಅದು ದಶಕಗಟ್ಟಲೆ ಡೀಸೆಲ್ ಹೊಗೆ ಬಿಡುತ್ತಾ ಓಡಾಡಿತು. ಸೇತುವೆ ಬಂದಿದ್ದು 2025ರ ಜುಲೈನಲ್ಲಿ. ಅಪ್ಪಯ್ಯ ನೋಡಿ ಬಂದರು. ಚೆನ್ನಾಗಿದೆ, ಲೈಟೆಲ್ಲಾ ಹಾಕಿದ್ದಾರೆ ಅಂದರು.

ಪಕ್ಕದ ಮನೆಯವರು ಜನರೇಟರ್ ತಂದಿದ್ದಾರೆ. ನೆಲದ ತೇವ ತಾಗಬಾರದು ಅಂತ ಹಳೆಯ ಒರಳುಕಲ್ಲನ್ನು ಮಗುಚಿ ಅದರ ಮೇಲೆ ಕೂರಿಸಿದ್ದಾರೆ. ಬೆಳಿಗ್ಗೆ ಏಳಕ್ಕೆ ಹಗ್ಗ ಎಳೆದರೆ ಕೇರಿಯ ನಾಯಿಗಳೆಲ್ಲ ಏಳುತ್ತವೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ವೈರಿಗೆ ಬರುವುದು ಮೂರಾದರೆ ಹೆಚ್ಚು. ಉಳಿದ ಏಳು ಬಿಸಿಗೆ, ಹೊಗೆಗೆ ಮತ್ತು ನಾಯಿಗಳಿಗೆ. ಸಮುದ್ರದ ಸಣ್ಣ ಜೀವಿಗಳು ಸತ್ತು, ಕೆಸರಿನಲ್ಲಿ ಹೂತು, ಕೋಟ್ಯಂತರ ವರ್ಷ ಬೆಂದು ಕಚ್ಚಾತೈಲ ಆಗಿದ್ದಂತೆ. ನಮ್ಮ ದೇಶ ಅದರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿಯನ್ನು ಹೊರಗಿನಿಂದ ತರಿಸುತ್ತದೆ. ಹಡಗು, ರಿಫೈನರಿ, ಟ್ಯಾಂಕರ್, ಬಂಕು, ಕ್ಯಾನು ಎಲ್ಲಾ ದಾಟಿ ಅದು ನಮ್ಮೂರಿಗೆ ಬರುವುದು ಯಾಕೆ? ಮಿಕ್ಸಿಯಲ್ಲಿ ಒಂದು ಕಡಿ ಕಾಯಿಯ ಚಟ್ನಿ ರುಬ್ಬುವುದಕ್ಕೆ. ಜನರೇಟರ್ ಅಡಿಯಲ್ಲಿರುವ ಕಲ್ಲು ಮಾತಾಡುವುದಿಲ್ಲ, ಅದೇ ಪುಣ್ಯ.

ಹಾಗಂತ ಕರೆಂಟ್ ಬಂದಾಗ ಶರಾವತಿಯದೇ ಬರುತ್ತದೆ ಅಂತಲೂ ಇಲ್ಲ. ಗ್ರಿಡ್‌ನಲ್ಲಿ ಎಲ್ಲಾ ಕಲಬೆರಕೆ. ರಾಯಚೂರಿಗೆ ರೈಲಿನಲ್ಲಿ ಕಲ್ಲಿದ್ದಲು ತಂದು, ಯೂನಿಟ್‌ಗೆ ಅರ್ಧ ಕೆಜಿಗಿಂತ ಜಾಸ್ತಿ ಸುಟ್ಟು, ನೀರು ಕಾಯಿಸಿ, ಆ ಆವಿಯಲ್ಲಿ ಚಕ್ರ ತಿರುಗಿಸಿ ಕರೆಂಟ್ ಮಾಡುತ್ತಾರೆ. ಅದು ಇಷ್ಟು ದೂರ ಬಂದು ನಮ್ಮ ಬಚ್ಚಲಿನ ಗೀಸರಿನಲ್ಲಿ ಮತ್ತೆ ನೀರು ಕಾಯಿಸುತ್ತದೆ. ಹಂಡೆ ಒಲೆಯ ಪಕ್ಕದಲ್ಲಿ ಅಡಿಕೆ ಸಿಪ್ಪೆಯ ರಾಶಿ ಹಾಗೇ ಇದೆ. ಗೀಸರ್ ಹಾಕಿಸಿದ್ದು ನಾನೇ, ಯಾರನ್ನು ಬೈಯಲಿ?

ಇದನ್ನು ಬರೆಯುತ್ತಿರುವಾಗಲೇ ಗೇಟಿನ ಹತ್ತಿರ ಬೈಕ್ ನಿಂತಿತು. ಲೈನ್‌ಮ್ಯಾನ್! ಮೈಯೆಲ್ಲಾ ಒದ್ದೆ, ಕಾಲಲ್ಲಿ ಉಂಬಳ ಕಚ್ಚಿದ ರಕ್ತ. ಐದು ದಿನದಿಂದ ಆತ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ಬೈಯಬೇಕು ಅಂತ ಕೂಡಿಟ್ಟಿದ್ದ ಮಾತೆಲ್ಲಾ ನುಂಗಿಕೊಂಡೆ. ಅಪ್ಪಯ್ಯ ಬಿಸಿ ಕಷಾಯ ತರಿಸಿದರು. ಲೈನಿನ ಮೇಲೆ ಬಿದ್ದ ಮರ ಸಿಕ್ಕಿದೆಯಂತೆ, ಹಳ್ಳದ ಆಚೆ. ಮರ ಕೊಯ್ಯುವ ಮೆಷಿನ್ನೂ ತಂದಿದ್ದಾರಂತೆ.

“ಮತ್ತೆಂತ ತಡ?” ಅಂದೆ.

ಕಷಾಯದ ಲೋಟ ಕೆಳಗಿಟ್ಟು ಆತ ಸಂಕೋಚದಿಂದ ಕೇಳಿದ: “ಅಣ್ಣಾ, ನಿಮ್ಮನೇಲಿ ಒಂದರ್ಧ ಲೀಟರ್ ಪೆಟ್ರೋಲ್ ಇದ್ಯಾ?”