ಗಂಡಸರಿಗೆ ಬಂಗಾರ ಮಾರೋದು ಹೀಗಲ್ಲ

ಶಿರಸಿಯಿಂದ ಕಾರವಾರದವರೆಗೆ ಬಂಗಾರದ ಅಂಗಡಿಗಳಲ್ಲಿ ಗಂಡಸರ ಪಾಲಿಗೆ ಸಾಮಾನ್ಯವಾಗಿ ಒಂದೇ ಟ್ರೇ. ಸಿಂಹದ ಮುಖದ ನಾಲ್ಕು ಉಂಗುರ, ಎರಡು ಕಡಗ, ಒಂದಿಷ್ಟು ಚೈನು. ಹೊರಗಿನ ಫ್ಲೆಕ್ಸಿನಲ್ಲಿ ಮಾತ್ರ ಅಂಗಿಯ ಗುಂಡಿ ಬಿಚ್ಚಿ ನಿಂತ ಮಾಡೆಲ್. ಅವನನ್ನು ನೋಡಿ ಅಡಿಕೆ ತೋಟದ ಹೆಗಡೇರು ಒಳಗೆ ಬರ್ತಾರೆ ಅಂತ ಕಾದಿದ್ದರೆ ಫ್ಲೆಕ್ಸಿನ ದುಡ್ಡು ದಂಡ.

ಗಂಡಸರು ಕೌಂಟರಿನಲ್ಲಿ ಕೇಳೋದು ಮೂರೇ ಮಾತು. ಒಟ್ಟು ಎಷ್ಟಾಗ್ತದೆ? ತುಂಡಾಗ್ತದಾ? ತಿರುಗಿ ಕೊಟ್ಟರೆ ಎಷ್ಟು ಬರ್ತದೆ? ಕೇಳುವ ಮೊದಲೇ ಇದು ಚೀಟಿಯಲ್ಲಿರಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ 22 ಕ್ಯಾರೆಟ್ಟಿಗೆ ಗ್ರಾಮಿಗೆ 10,000 ಇಟ್ಟುಕೊಳ್ಳಿ. 6 ಗ್ರಾಮಿನ ಉಂಗುರಕ್ಕೆ 60,000, ಮಜೂರಿ ಶೇ. 12 ಅಂದರೆ 7,200, ಅದರ ಮೇಲೆ ಶೇ. 3 ಜಿಎಸ್‌ಟಿ 2,016. ಒಟ್ಟು 69,216. ಕಲ್ಲಿದ್ದರೆ ಅದರ ತೂಕ ಕಳೆದು ಬಂಗಾರದ ತೂಕ ಬೇರೆ ಬರೆಯಿರಿ. ನವರತ್ನದ ಉಂಗುರದಲ್ಲಿ ಜಗಳ ಶುರುವಾಗೋದೇ ಇಲ್ಲಿಂದ.

ಇನ್ನು ಅಳಿಯನ ಉಂಗುರ. ದುಡ್ಡು ಕೊಡೋದು ಮಾವ, ತೊಡೋದು ಅಳಿಯ, ಅಂಗಡಿಗೆ ಬರೋದು ಅತ್ತೆ. ಬೆರಳಿನ ಅಳತೆ ಯಾರಿಗೂ ಗೊತ್ತಿಲ್ಲ! ದಾರ ಸುತ್ತಿ ತಂದ ಅಳತೆ ನಂಬಬೇಡಿ, ದಾರ ಎಳೆಯುತ್ತದೆ. ಹುಡುಗನ ಹಳೆ ಉಂಗುರ ಇದ್ದರೆ ಅದರ ಒಳವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆಯಿರಿ. ಹುಡುಗನೇ ಬಂದರೆ ಸಂಜೆ ಹೊತ್ತಿಗೆ ಅಳೆಯಿರಿ. ಬೆಳಿಗ್ಗೆ ಸಡಿಲ ಇದ್ದದ್ದು ಕರಾವಳಿಯ ಸೆಕೆಗೆ ಮಧ್ಯಾಹ್ನ ಬಿಗಿಯಾಗ್ತದೆ. ಕೆಲಸ ಮಾಡುವ ಕೈಗೆ ಗಂಟು ದಪ್ಪ, ಬುಡ ಸಣ್ಣ. ಗಂಟು ದಾಟುವಷ್ಟು ಅಳತೆ ಬೇಕು, ದಾಟಿದ ಮೇಲೆ ತಿರುಗಲೂಬಾರದು. 8 ಮಿಲಿಮೀಟರ್ ಅಗಲದ ಉಂಗುರಕ್ಕೆ ಸಪೂರ ಅಳತೆ ಉಂಗುರ ಹಾಕಿ ನೋಡಿದರೆ ತಪ್ಪುತ್ತದೆ, ಅಗಲದ್ದು ಯಾವಾಗಲೂ ಬೆರಳಿಗೆ ಹೆಚ್ಚು ಬಿಗಿ. ಹಾಗಾಗಿ ಮದುವೆ ಮುಗಿದ ಮೇಲೆ ಒಂದು ಸಲ ಅಳತೆ ಸರಿಮಾಡಿ ಕೊಡುವುದು ಪುಕ್ಕಟೆ ಅಂತ ಬೋರ್ಡಿನಲ್ಲೇ ಹಾಕಿ. ರಿಯಾಯಿತಿಗಿಂತ ಇದಕ್ಕೆ ಜನ ಬರ್ತಾರೆ. ಕತ್ತರಿಸುವಾಗ ಅಕ್ಕಸಾಲಿಗೆ ಮೊದಲೇ ಹೇಳಿ: ಒಳಗೆ ಬಿಐಎಸ್ ಹಾಲ್‌ಮಾರ್ಕ್ ಗುರುತು, ಶುದ್ಧತೆ ಹೇಳುವ 22ಕೆ916, ಆ ಒಡವೆಯದೇ ಆದ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ (ಎಚ್‌ಯುಐಡಿ) ಇರುವ ಜಾಗ ಬಿಟ್ಟು ಬೇರೆ ಕಡೆ ಕೊಯ್ಯಬೇಕು. ಅದು ಅಳಿಸಿಹೋದರೆ ಮುಂದೆ ಮಾರುವಾಗ ಗಿರಾಕಿಗೆ ತಾಪತ್ರಯ.

ಸುತ್ತಲೂ ಕಲ್ಲು ಕೂರಿಸಿದ್ದನ್ನು ಮಾತ್ರ ಹಿಗ್ಗಿಸಲಿಕ್ಕಾಗೋದಿಲ್ಲ, ಮೊದಲೇ ಹೇಳಿಬಿಡಿ.

ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಎಳೆಯುವವನಿಗೆ ಉಂಗುರ ತೋರಿಸಲೇಬೇಡಿ. ಬಲೆಯ ಕಣ್ಣಿಗೆ ಸಿಕ್ಕಿದರೆ ಬೆರಳೇ ಹೋಗ್ತದೆ. ಅವನಿಗೆ ಚೈನು, ಅದೂ ಗಟ್ಟಿಯದ್ದು. ಟೊಳ್ಳು ಚೈನು ದಪ್ಪ ಕಾಣ್ತದೆ, ತೂಕ ಕಮ್ಮಿ, ಮಾರಾಟ ಸುಲಭ. ಆದರೆ ಒಮ್ಮೆ ನಗ್ಗಿದರೆ ನೆಟ್ಟಗಾಗೋದಿಲ್ಲ, ಬೆಸುಗೆ ಹಾಕಲು ಹೋದರೆ ತೆಳು ಗೋಡೆ ಕರಗ್ತದೆ. ಗಟ್ಟಿ ಚೈನೂ ಬಹಳ ಸಲ ನಡುವೆ ತುಂಡಾಗೋದಿಲ್ಲ. ಕೊಂಡಿಗೂ ಚೈನಿಗೂ ನಡುವೆ ಒಂದು ಪುಟ್ಟ ಬಳೆ ಇರ್ತದಲ್ಲ, ಅದರ ಬಾಯಿಗೆ ಬೆಸುಗೆ ಬಿದ್ದಿರದಿದ್ದರೆ ಎಳೆತಕ್ಕೆ ಅಗಲವಾಗಿ ಕೊಂಡಿ ಜಾರ್ತದೆ. ಗಿರಾಕಿಯ ಕೈಗೇ ಭೂತಗನ್ನಡಿ ಕೊಟ್ಟು ಆ ಬೆಸುಗೆ ತೋರಿಸಿ. ಇದಕ್ಕಿಂತ ದೊಡ್ಡ ಜಾಹೀರಾತು ಇಲ್ಲ.

ಘಟ್ಟದ ಮೇಲೆ ಪವಿತ್ರದ ಉಂಗುರಕ್ಕೆ, ಅಂದರೆ ಪೂಜೆಯಲ್ಲಿ ತೊಡುವ ದರ್ಭೆಯ ಗಂಟಿನ ಆಕಾರದ್ದಕ್ಕೆ, ಯಾವತ್ತೂ ಗಿರಾಕಿ ಇದೆ. ಆದರೂ ಅದು ಒಳಗಿನ ಡ್ರಾಯರಿನಲ್ಲಿ ಕೂತಿರ್ತದೆ. ಉಪನಯನದ ದಿನಗಳಲ್ಲಾದರೂ ಎದುರಿಗಿಡಿ. ಭಟ್ಕಳದಲ್ಲಿ ಲೆಕ್ಕವೇ ಬೇರೆ. ಮುಸ್ಲಿಂ ಗಂಡಸರಿಗೆ ಬಂಗಾರ ನಿಷಿದ್ಧ, ಬೆಳ್ಳಿ ಆಗ್ತದೆ. ಅಲ್ಲಿ ಬಂಗಾರದ ಕಡಗದ ಫೋಟೋ ಹಾಕೋದಕ್ಕಿಂತ 925 ಬೆಳ್ಳಿಯಲ್ಲಿ (ಶೇ. 92.5 ಶುದ್ಧ) ಅಕೀಕ್ (ಅಗೇಟ್) ಕಲ್ಲಿನ ಉಂಗುರ ಇಡೋದು ಜಾಣತನ. ಬೆಳ್ಳಿ ಕಪ್ಪಾಗ್ತದೆ ಅನ್ನೋದನ್ನು ಮುಚ್ಚಿಡಬೇಡಿ. ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಜಿಪ್ ಕವರಿನಲ್ಲಿಡಿ ಅಂತ ಒಂದು ಚೀಟಿ ಹಾಕಿದರೆ ಸಾಕು.

ಫೋಟೋ ತೆಗೆಯುವಾಗ ರೋಮ ಇರುವ, ಬಿಸಿಲಿಗೆ ಕಂದಿದ ಕೈಗೇ ತೊಡಿಸಿ. ಪಕ್ಕದಲ್ಲಿ 10 ರೂಪಾಯಿಯ ನಾಣ್ಯ ಇಡಿ. ಅದು 27 ಮಿಲಿಮೀಟರ್, ಉಂಗುರದ ಗಾತ್ರ ತಟ್ಟನೆ ತಿಳಿಯುತ್ತದೆ. ಬೆಲೆಗೆ ಇನ್‌ಬಾಕ್ಸ್ ಮಾಡಿ ಅನ್ನೋ ಚಾಳಿ ಬಿಡಿ, ಗಂಡಸರು ಇನ್‌ಬಾಕ್ಸ್ ಮಾಡೋದಿಲ್ಲ, ಮುಂದಕ್ಕೆ ಸರಿಸ್ತಾರೆ. ಕರಾವಳಿಯ ಮೀನುಗಾರರಿಗಾಗಿ ವಾಟ್ಸಾಪ್ ಸ್ಟೇಟಸ್ ಜೂನ್-ಜುಲೈನಲ್ಲಿ ಹಾಕಿ ಪ್ರಯೋಜನವಿಲ್ಲ, ಆಗ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ. ಆಗಸ್ಟಿನಲ್ಲಿ ಬೋಟು ಇಳಿದು, ಎರಡು ಮೂರು ವಾರದ ಪಾಲು ಕೈಗೆ ಬಂದ ಮೇಲೆ ಹಾಕಿ.